ಹೊನ್ನಾವರದ ಹಡಗಿನಲ್ಲಿ ಮಾಲದ್ವೀಪಕ್ಕೆ

ಯಾವುದಾದರೊಂದು ವಸ್ತುವು ನಿಕೃಷ್ಟವೆಂದು ಹೇಳಬೇಕಾದಾಗ ಅದಕ್ಕೆ ಕವಡೆಯ ಬೆಲೆಯೂ ಇಲ್ಲವೆನ್ನುವುದು ಕನ್ನಡಿಗರಲ್ಲಿ ರೂಢಿಯಾಗಿದೆ. ಚೌಕಾಬಾರದ ಮನೆಗಳ ಮೇಲೆ ಉರುಳುವ ಕವಡೆ, ಶಾಸ್ತ್ರ ಹೇಳುವವನ ಕೈಯೊಳಗಿನ ಕವಡೆ, ಎಲ್ಲಮ್ಮನ ಜೋಗತಿಯರ ಕೊರಳೊಳಗಿನ ಕವಡೆಯ ಸರ, ಇವುಗಳಲ್ಲಿ ಒಂದನ್ನಾದರೂ ಕಾಣದವರು ನಾಡಿನಲ್ಲಿ ವಿರಳ. ಆದರೆ ಇವು ಹುಟ್ಟುವ ನೆಲೆ ಯಾವುದು, ಅಲ್ಲಿ ವಾಸಿಸುವ ಜನರು ಎಂಥವರು ಎಂದು ವಿಚಾರಿಸಿದವರು ಇನ್ನೂ ವಿರಳ. ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಶತಮಾನಗಳ ಕಾಲ ಕವಡೆಯನ್ನು ಒದಗಿಸಿದ ಮುಖ್ಯ ಭಂಡಾರವೆಂದರೆ ಮಾಲದ್ವೀಪಗಳು. ಭರತಖಂಡದ ದಕ್ಷಿಣ ತುದಿಗೆ ನೈಋತ್ಯದಲ್ಲಿ, ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಮಿಕ್ಕಿ ಚಾಚಿಕೊಂಡಿರುವ ಈ ದ್ವೀಪಗಳ ಸಂಖ್ಯೆ ಸುಮಾರು 1,200. ಆದರೆ ಅವೆಲ್ಲವುಗಳ ನೆಲವನ್ನು ಒಟ್ಟುಗೂಡಿಸಿದರೂ 300 ಚದರ ಕಿಲೋಮೀಟರುಗಳಷ್ಟೇ ಆಗುವುದು. ನಮ್ಮ ಒಂದು ಸಾಧಾರಣ ತಾಲೂಕಿನ ವಿಸ್ತಾರವೂ ಇಲ್ಲದ ಈ ಮುಸಲ್ಮಾನ ರಾಜ್ಯವು ಹಿಂದಿನ ಕಾಲದಲ್ಲಿ ಹೇಗಿದ್ದಿತೆಂಬುದನ್ನು ಕಣ್ಣಾರೆ ಕಂಡು ವಿಸ್ತಾರವಾಗಿ ವರ್ಣಿಸಿದವರಲ್ಲಿ ಮೊದಲಿಗನು ಇಬ್ನ್ ಬತೂತನು. ಆತನನ್ನು ಅಲ್ಲಿಗೆ ಮುಟ್ಟಿಸಿದ ಹಡಗಿನ ಒಡೆಯನು ಕನ್ನಡ ಕರಾವಳಿಯ ಹೊನ್ನಾವರದವನು.

ಇಬ್ನ್ ಬತೂತನು ಕ್ರಿ. ಶ. 1304ರಲ್ಲಿ ಆಫ್ರಿಕಾದ ವಾಯವ್ಯ ಮೂಲೆಯ ತಾಂಜಿಯರ್ ನಗರದಲ್ಲಿ ಜನಿಸಿದನು. 1325ರಲ್ಲಿ ಮಕ್ಕಾ ಯಾತ್ರೆಗೆಂದು ಮನೆಯನ್ನು ಬಿಟ್ಟವನು ಪುನಃ ಸ್ವದೇಶದಲ್ಲಿ ನೆಲೆಸುವುದಕ್ಕೆ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1333ರಲ್ಲಿ ಸಿಂಧೂನದಿಯನ್ನು ತಲುಪಿ, ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಆಶ್ರಯದಲ್ಲಿ ಖಾಜಿಯ ಪದವಿಯನ್ನು ಪಡೆದನು. ಕೆಲವು ವರ್ಷಗಳ ತರುವಾಯ ಸುಲ್ತಾನನು ಆತನನ್ನು ಚೀನದ ಚಕ್ರವರ್ತಿಯ ಬಳಿಗೆ ಕಾಣಿಕೆಗಳೊಂದಿಗೆ ರಾಯಭಾರಿಯಾಗಿ ಕಳುಹಿಸಿದನು. ಆದರೆ ಕಲ್ಲಿಕೋಟೆಯ ರೇವಿನಲ್ಲಿ ಬಿರುಗಾಳಿಯೆದ್ದು ಕಾಣಿಕೆಗಳನ್ನು ಹೊತ್ತ ಹಡಗು ಒಡೆದುಹೋಯಿತು. ಶುಕ್ರವಾರದ ಪ್ರಾರ್ಥನೆಗೆಂದು ದಡದಲ್ಲಿ ಉಳಿದಿದ್ದ ಕಾರಣ ಇಬ್ನ್ ಬತೂತನ ಪ್ರಾಣವು ಉಳಿಯಿತು. ಆದರೆ ಆತನ ಸ್ವಂತ ಸಾಮಾನನ್ನು ಹೊತ್ತಿದ್ದ ಇನ್ನೊಂದು ಹಡಗು ಆತನನ್ನು ಬಿಟ್ಟು ಸಮುದ್ರಕ್ಕೆ ಹೊರಟುಹೋಯಿತು. ಬರಿಗೈಯಿಂದ ದೆಹಲಿಗೆ ಹಿಂದಿರುಗಿದರೆ ಉಗ್ರಸ್ವಭಾವದ ಸುಲ್ತಾನನು ಏನು ಮಾಡುವನೋ ಎಂಬ ಭಯವು ಆತನನ್ನು ಕರಾವಳಿಯಲ್ಲಿಯೇ ತಡೆಯಿತು.

ಆಗ ಆತನಿಗೆ ಆಶ್ರಯವು ದೊರೆತುದು ಶರಾವತಿಯು ಸಮುದ್ರವನ್ನು ಸೇರುವ ಹೊನ್ನಾವರದಲ್ಲಿ. ಅಲ್ಲಿ ಆಳುತ್ತಿದ್ದ ಸುಲ್ತಾನ ಜಮಾಲುದ್ದೀನನು ಹರಿಯಬ್ ಎಂಬ ಹಿಂದೂ ಅರಸನಿಗೆ ಅಧೀನನಾಗಿದ್ದನೆಂದು ಯಾತ್ರಿಕನು ಬರೆದಿದ್ದಾನೆ. ಆ ಅರಸನು ವಿಜಯನಗರದ ಒಂದನೆಯ ಹರಿಹರನೇ ಆಗಿರಬೇಕೆಂದು ಅನೇಕ ವಿದ್ವಾಂಸರ ಮತ. ಹೊನ್ನಾವರದಲ್ಲಿ ಹುಡುಗಿಯರಿಗಾಗಿ ಹದಿಮೂರು, ಹುಡುಗರಿಗಾಗಿ ಇಪ್ಪತ್ತಮೂರು ಪಾಠಶಾಲೆಗಳನ್ನು ತಾನು ಕಂಡುದಾಗಿಯೂ, ಇಂತಹುದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಆತನು ಹೇಳುತ್ತಾನೆ. 1342ರಲ್ಲಿ ಜಮಾಲುದ್ದೀನನು 52 ಹಡಗುಗಳನ್ನು ಕೂಡಿಸಿಕೊಂಡು ಗೋವೆಯ ಮೇಲೆ ಏರಿಹೋದಾಗ ಇಬ್ನ್ ಬತೂತನೂ ಆ ಯುದ್ಧದಲ್ಲಿ ಭಾಗವಹಿಸಿದನು. ಗೆದ್ದ ಪಟ್ಟಣವನ್ನು ಶತ್ರುಗಳು ಪುನಃ ಮುತ್ತಿದಾಗ ಆತನು ಅಲ್ಲಿಂದ ಹೊರಬಿದ್ದು ಕಲ್ಲಿಕೋಟೆಗೆ ಬಂದು, ಬಹುಕಾಲದಿಂದ ಕೇಳಿದ್ದ ದ್ವೀಪಗಳನ್ನು ನೋಡಿಕೊಂಡು ಸಿಂಹಳ, ಬಂಗಾಳಗಳ ಮಾರ್ಗವಾಗಿ ಚೀನಕ್ಕೆ ಹೋಗಬೇಕೆಂದು ನಿಶ್ಚಯಿಸಿದನು. ಉಮರನೆಂಬ ಹೊನ್ನಾವರದ ಹಾಜಿಯು ನಡೆಸುತ್ತಿದ್ದ ಹಡಗನ್ನು ಹತ್ತಿ, ಹತ್ತು ದಿನಗಳ ಪ್ರಯಾಣವಾದ ಮೇಲೆ, 1343ರ ಕೊನೆಯ ಭಾಗದಲ್ಲಿ ದ್ವೀಪಗಳನ್ನು ತಲುಪಿದನು.

ಆ ದ್ವೀಪಗಳ ರಚನೆಯೇ ಮೊದಲು ಆತನನ್ನು ಬೆರಗುಗೊಳಿಸಿತು. ನೂರರಷ್ಟು ಅಥವಾ ಅದಕ್ಕಿಂತ ಕಡಿಮೆ ದ್ವೀಪಗಳು ಉಂಗುರದಂತೆ ಸುತ್ತುಗಟ್ಟಿಕೊಂಡಿರುವುವು. ಆ ಉಂಗುರಕ್ಕೆ ಬಾಗಿಲಿನಂತೆ ಒಂದು ಪ್ರವೇಶವಿರುವುದು. ಸ್ಥಳೀಯನಾದ ದಾರಿಗಾರನನ್ನು ಹಡಗಿಗೆ ಹತ್ತಿಸಿಕೊಳ್ಳದೆ ಆ ಬಾಗಿಲನ್ನು ಹೊಗುವುದು ಅಸಾಧ್ಯ. ಇಂತಹ ಹವಳದ ದ್ವೀಪವಲಯಕ್ಕೆ ಇಂದು ಜಗತ್ತಿನ ಭೂಗೋಳಶಾಸ್ತ್ರಜ್ಞರೆಲ್ಲರೂ ಬಳಸುವ ‘ಅಟಾಲ್’ ಎಂಬ ಶಬ್ದವು ಮಾಲದ್ವೀಪದವರ ‘ಅತೊಳು’ ಎಂಬ ಮಾತಿನಿಂದಲೇ ಬಂದುದು.

ಉಮರನ ಹಡಗು ಮೊದಲು ಕನ್ನಲೂಸ್ ಎಂಬ ದ್ವೀಪದಲ್ಲಿ ನಿಂತಿತು. ರಾಣಿಗೂ ಆಕೆಯ ಪತಿಗೂ ಕಾಣಿಕೆಯನ್ನು ಒಯ್ಯುವುದಕ್ಕಾಗಿ ಉಮರನು ಅಲ್ಲಿಂದ ಚಿಕ್ಕ ದೋಣಿಯೊಂದನ್ನು ಗೊತ್ತುಮಾಡಿಕೊಂಡನು. ದೋಣಿಯಲ್ಲಿ ಸಂಗಡಿಗರಿಗೆ ಸ್ಥಳವಿಲ್ಲವೆಂದು ಹೇಳಲು ಇಬ್ನ್ ಬತೂತನು ಅವರನ್ನು ಬಿಟ್ಟುಬರಲೊಪ್ಪದೆ ಹಿಂದೆ ಉಳಿದನು. ಆದರೆ ಗಾಳಿಯು ಪ್ರತಿಕೂಲವಾಗಿ ಉಮರನು ನಾಲ್ಕು ದಿನಗಳ ತರುವಾಯ ಬಳಲಿ ಹಿಂದಿರುಗಿ ಬಂದು, ಕ್ಷಮೆಯನ್ನು ಬೇಡಿ, ಎಲ್ಲರನ್ನೂ ಕರೆದುಕೊಂಡು ಹೊರಟನು. ಅಷ್ಟರೊಳಗೆ ಆ ದ್ವೀಪದ ಸಜ್ಜನನೊಬ್ಬನು ಯಾತ್ರಿಕನಿಗೆ ಎಚ್ಚರಿಕೆಯ ಮಾತೊಂದನ್ನು ಹೇಳಿದ್ದನು: ರಾಜಧಾನಿಯಲ್ಲಿ ಖಾಜಿಯಿಲ್ಲ, ನೀನು ಅಲ್ಲಿಗೆ ಹೋದರೆ ವಜೀರನು ನಿನ್ನನ್ನು ಹಿಡಿದು ನಿಲ್ಲಿಸಿಕೊಳ್ಳುವನು ಎಂದು. ಆದುದರಿಂದ ಯಾರಾದರೂ ಕೇಳಿದರೆ ತನ್ನನ್ನು ಅರಿಯೆನೆಂದು ಹೇಳಬೇಕೆಂದು ಇಬ್ನ್ ಬತೂತನು ಉಮರನಿಗೆ ತಿಳಿಸಿಟ್ಟನು.

ಅರಮನೆಯಲ್ಲಿ ಹೊನ್ನಾವರದ ನಾವಿಕನು ಹತ್ತು ವಸ್ತ್ರಗಳನ್ನು ತೆಗೆದುಕೊಂಡು, ರಾಣಿಯಿದ್ದ ದಿಕ್ಕಿಗೆ ನಮಿಸಿ ಒಂದನ್ನು ಎಸೆದು, ವಜೀರನಿಗೆ ನಮಿಸಿ ಇನ್ನೊಂದನ್ನು ಎಸೆದು, ಹೀಗೆ ಎಲ್ಲವನ್ನೂ ಸಮರ್ಪಿಸಿದನು. ಸಂಗಡ ಬಂದವನು ಯಾರೆಂದು ಕೇಳಲು, ಹೇಳಿಕೊಟ್ಟಂತೆಯೇ ತಾನರಿಯೆನೆಂದನು. ಅತಿಥಿಗಳಿಗೆ ವೀಳ್ಯವೂ ಪನ್ನೀರೂ ಬಂದುವು. ಇಳಿದುಕೊಂಡ ಮನೆಗೆ ಅನ್ನ, ಮಾಂಸ, ಕೋಳಿ, ತುಪ್ಪ, ಮೀನುಗಳ ಬಟ್ಟಲುಗಳಿಂದ ತುಂಬಿದ ದೊಡ್ಡ ಹರಿವಾಣವು ಬಂದಿತು. ಆದರೆ ಗುಟ್ಟು ಬಹಳ ದಿನ ಉಳಿಯಲಿಲ್ಲ. ಹತ್ತು ದಿನಗಳಾಗುವಷ್ಟರಲ್ಲಿ ಸಿಂಹಳದಿಂದ ಬಂದ ಹಡಗಿನೊಳಗಿನ ಫಕೀರರು ಆತನನ್ನು ಗುರುತಿಸಿ ವಜೀರನ ಪರಿವಾರದವರಿಗೆ ತಿಳಿಸಿದರು. ದೆಹಲಿಯಲ್ಲಿ ಖಾಜಿಯಾಗಿದ್ದವನೆಂದು ತಿಳಿದ ಬಳಿಕ ಆತನನ್ನು ಹೋಗಗೊಡಿಸುವರೇ? ಮರ್ಯಾದೆಗಳೂ ಉಡುಗೊರೆಗಳೂ ಹೆಚ್ಚಿದುವು; ಹೊರಡುವ ಮಾತೆತ್ತಿದಾಗಲೆಲ್ಲ ಅಡ್ಡಿಗಳೂ ಹೆಚ್ಚಿದುವು.

ಇಬ್ನ್ ಬತೂತನು ಕಂಡ ಜನಜೀವನದ ಚಿತ್ರವು ಸೊಗಸಾದುದು. ಹೊಸ ಹಡಗು ಬಂದಿತೆಂದರೆ ದ್ವೀಪವಾಸಿಗಳು ಚಿಕ್ಕ ದೋಣಿಗಳಲ್ಲಿ ವೀಳ್ಯವನ್ನೂ ಎಳನೀರನ್ನೂ ತೆಗೆದುಕೊಂಡು ಎದುರುಗೊಳ್ಳುವರು. ಯಾರು ಯಾವ ಪ್ರವಾಸಿಗೆ ಅವನ್ನು ಕೊಡುವರೋ ಆ ಪ್ರವಾಸಿಯು ಅವರ ಮನೆಯ ಅತಿಥಿ. ಅವನ ಸಾಮಾನನ್ನು ನೆಂಟನ ಸಾಮಾನೆಂಬಂತೆ ಹೊತ್ತು ಒಯ್ಯುವರು. ಬೀದಿಗಳು ಗುಡಿಸಿ ನಿರ್ಮಲವಾಗಿದ್ದು ಮರಗಳ ನೆಳಲಿನಿಂದ ತೋಟದ ನಡುವೆ ನಡೆದಂತೆ ತೋರುವುವು. ಮನೆಯ ಬಾಗಿಲಲ್ಲಿ ನೀರಿನ ಕೊಡವನ್ನೂ ಮೊಗೆಯುವ ಪಾತ್ರೆಯನ್ನೂ ಇರಿಸಿರುವರು. ಕಾಲನ್ನು ತೊಳೆದು, ನಾರಿನ ಚಾಪೆಯ ಮೇಲೆ ಒರಸಿಕೊಂಡು ಒಳಗೆ ಹೋಗಬೇಕು. ಜನರು ದಿನಕ್ಕೆರಡು ಸಾರಿ ಮೀಯುವರು, ಗಂಧದೆಣ್ಣೆಯನ್ನು ಪೂಸಿಕೊಳ್ಳುವರು. ರಾಜಾಜ್ಞೆಗಳನ್ನು ಬಾಗಿದ ಕಬ್ಬಿಣದ ಸಾಧನದಿಂದ ಓಲೆಗರಿಯ ಮೇಲೆ ಕೊರೆಯುವರು. ಕಾಗದವು ಕುರಾನಿಗೂ ಶಾಸ್ತ್ರಗ್ರಂಥಗಳಿಗೂ ಮಾತ್ರ ಮೀಸಲು. ಯುದ್ಧವನ್ನರಿಯದ ಈ ಜನಕ್ಕೆ ಪ್ರಾರ್ಥನೆಯೇ ಆಯುಧವೆಂದು ಆತನು ಹೇಳುತ್ತಾನೆ.

ಇವರ ಜೀವನಾಧಾರವೆಲ್ಲ ಸಮುದ್ರ ಮತ್ತು ತೆಂಗು. ಭತ್ತವು ಬೆಳೆಯದ ಈ ನಾಡಿನಲ್ಲಿ ಸೈನಿಕರಿಗೂ ಅಧಿಕಾರಿಗಳಿಗೂ ಸಂಬಳವನ್ನು ಅಕ್ಕಿಯ ರೂಪದಲ್ಲಿ ಕೊಡುತ್ತಿದ್ದರು. ಆ ಅಕ್ಕಿಯು ಕವಡೆಗೆ ಬದಲಾಗಿ ಬಂಗಾಳದಿಂದ ಬರುತ್ತಿದ್ದಿತು. ಸಮುದ್ರದಿಂದ ಆಯ್ದ ಕವಡೆಯ ಹುಳುಗಳನ್ನು ದಡದ ಗುಂಡಿಗಳಲ್ಲಿ ಹಾಕಿ, ಮಾಂಸವು ಕೊಳೆತುಹೋಗಿ ಬಿಳಿಯ ಚಿಪ್ಪು ಉಳಿದ ಮೇಲೆ ಎಣಿಕೆ ಮಾಡುವರು. ಒಂದು ಲಕ್ಷ ಕವಡೆಗೆ ಒಂದು ‘ಬುಸ್ತು’. ಒಂದು ಚಿನ್ನದ ದೀನಾರಿಗೆ ನಾಲ್ಕು ಬುಸ್ತು, ಬೆಲೆಯು ಇಳಿದಾಗ ಹತ್ತು ಬುಸ್ತು. ಅಂದರೆ ಒಂದು ದೀನಾರಿಗೆ ನಾಲ್ಕು ಲಕ್ಷದಿಂದ ಹತ್ತು ಲಕ್ಷ. ಇದೇ ಕವಡೆಯನ್ನು ಆತನು ಮುಂದೆ ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಕಂಡನು. ಅಲ್ಲಿ ಒಂದು ದೀನಾರಿಗೆ ದೊರೆಯುತ್ತಿದ್ದುದು 1,150 ಮಾತ್ರ. ಬೆಲೆಯ ಈ ಅಂತರವನ್ನು ಮುಂದಣ ಐರೋಪ್ಯ ವರ್ತಕರು ಕ್ರೂರವಾಗಿ ಬಳಸಿಕೊಂಡರು. 17 ಮತ್ತು 18ನೆಯ ಶತಮಾನಗಳಲ್ಲಿ ಹಡಗುಗಟ್ಟಲೆ ಮಾಲದ್ವೀಪದ ಕವಡೆಯನ್ನು ಪಶ್ಚಿಮ ಆಫ್ರಿಕಾಕ್ಕೆ ಸಾಗಿಸಿ, ಅದನ್ನು ತೆತ್ತು ಮನುಷ್ಯರನ್ನು ಗುಲಾಮರನ್ನಾಗಿ ಕೊಂಡರು.

ಕವಡೆಯಷ್ಟೇ ಪ್ರಸಿದ್ಧವಾದುದು ಅಲ್ಲಿಯ ಕತ್ತದ ಹುರಿ. ತೆಂಗಿನ ಸಿಪ್ಪೆಯನ್ನು ದಡದ ಗುಂಡಿಗಳಲ್ಲಿ ನೆನೆಹಾಕಿ, ಬಡಿದು, ಹೆಂಗಸರು ಹೊಸೆಯುವ ಹುರಿಯಿಂದ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದರು. ಕಬ್ಬಿಣದ ಮೊಳೆಯಿಂದ ಬಿಗಿದ ಹಡಗು ಬಂಡೆಗೆ ತಾಗಿದರೆ ಒಡೆಯುವುದು, ಹುರಿಯಿಂದ ಹೊಲಿದುದು ಬಳುಕಿ ಉಳಿಯುವುದು ಎಂದು ಇಬ್ನ್ ಬತೂತನು ಅದರ ಕಾರಣವನ್ನು ವಿವರಿಸುತ್ತಾನೆ. ಕೆಂಪು ಮಾಂಸದ ಒಂದು ಮೀನನ್ನು ನಾಲ್ಕು ತುಂಡು ಮಾಡಿ, ಸ್ವಲ್ಪ ಬೇಯಿಸಿ, ಗರಿಯ ಬುಟ್ಟಿಗಳಲ್ಲಿಟ್ಟು ಹೊಗೆಯಲ್ಲಿ ಒಣಗಿಸಿ, ಹಿಂದೂಸ್ತಾನಕ್ಕೂ ಚೀನಕ್ಕೂ ಯೆಮೆನ್ ದೇಶಕ್ಕೂ ಕಳುಹಿಸುತ್ತಿದ್ದರು.

ಆಗ ಈ ರಾಜ್ಯವನ್ನು ಆಳುತ್ತಿದ್ದವಳು ಒಬ್ಬ ಸ್ತ್ರೀ. ಸುಲ್ತಾನ ಜಲಾಲುದ್ದೀನ್ ಉಮರನ ಮಗಳಾದ ಖದೀಜಾ ರಾಣಿಯು, ತನ್ನ ಸಹೋದರನು ಪದಚ್ಯುತನಾಗಿ ಕೊಲ್ಲಲ್ಪಟ್ಟ ಮೇಲೆ ಸಿಂಹಾಸನವನ್ನೇರಿದಳು. ಆಕೆಯ ಪತಿಯಾದ ವಜೀರ ಜಮಾಲುದ್ದೀನನು ಆಡಳಿತವನ್ನು ನಡೆಸುತ್ತಿದ್ದರೂ ಆಜ್ಞೆಗಳು ಹೊರಡುತ್ತಿದ್ದುದು ರಾಣಿಯ ಹೆಸರಿನಲ್ಲಿ. ಶುಕ್ರವಾರದ ಪ್ರಾರ್ಥನೆಯಲ್ಲಿ ಸ್ಮರಿಸುತ್ತಿದ್ದುದೂ ಆಕೆಯ ಹೆಸರನ್ನೇ. ದ್ವೀಪದ ರಾಜಚರಿತ್ರೆಯು ಆಕೆಯ ಪಟ್ಟಾಭಿಷೇಕವನ್ನು 1347ನೆಯ ಇಸವಿಗೆ ಹೇಳುವುದು. ಯಾತ್ರಿಕನ ಕಾಲಗಣನೆಗೆ ಇದು ಹೊಂದುವುದಿಲ್ಲ. ಕಣ್ಣಾರೆ ಕಂಡವನ ಮಾತಿಗೆ ಇಲ್ಲಿ ಹೆಚ್ಚು ಬೆಲೆ ಕೊಡುವುದು ಯುಕ್ತವಾಗಿ ತೋರುವುದು.

ಈ ಜನರು ಮುಸಲ್ಮಾನರಾದ ಬಗೆಯ ಕಥೆಯನ್ನೂ ಇಬ್ನ್ ಬತೂತನು ಸಂಗ್ರಹಿಸಿದ್ದಾನೆ. ಪ್ರತಿ ತಿಂಗಳೂ ದೀಪಗಳಿಂದ ತುಂಬಿದ ಹಡಗಿನಂತೆ ಒಂದು ಭೂತವು ಸಮುದ್ರದಿಂದ ಬರುತ್ತಿದ್ದಿತು. ಅದಕ್ಕೆ ಕನ್ಯೆಯೊಬ್ಬಳನ್ನು ಬಲಿಗೊಡುತ್ತಿದ್ದರು. ಅಬುಲ್ ಬರಕಾತನೆಂಬ ಪಶ್ಚಿಮದೇಶದ ಸಾಧುವು ಕನ್ಯೆಯ ಬದಲಿಗೆ ತಾನೇ ಹೋಗಿ ಕುಳಿತು, ರಾತ್ರಿಯೆಲ್ಲ ಕುರಾನ್ ಪಠಿಸಿ ಅದನ್ನು ಅಟ್ಟಿದನು. ಅರಸನು ಪ್ರಜೆಗಳೊಂದಿಗೆ ಮತಾಂತರ ಹೊಂದಿದನು. ಮತಾಂತರವು ನಡೆದುದು ಹಿಜರಿ 548, ಅಂದರೆ ಕ್ರಿ. ಶ. 1153ರಲ್ಲಿ ಎಂಬುದು ಸಂಪ್ರದಾಯ. ಆದರೆ ಆ ಸಾಧುವು ಪಾರಸಿಕ ದೇಶದ ತಬ್ರೀಜಿನವನೆಂದು ದ್ವೀಪದ ಚರಿತ್ರೆಯು ಹೇಳುವುದು. ತನ್ನ ದೇಶದವನೊಬ್ಬನಿಗೆ ಆ ಕೀರ್ತಿಯು ಸಲ್ಲಬೇಕೆಂಬ ಅಭಿಮಾನವು ಯಾತ್ರಿಕನಿಗೆ ಇದ್ದಿರಬಹುದು. ಕಥೆಯಲ್ಲಿಲ್ಲದ ಸಂಗತಿಗಳನ್ನು 12ನೆಯ ಶತಮಾನದ ಕೊನೆಯ ತಾಮ್ರಶಾಸನಗಳು ತಿಳಿಸುವುವು. ಆ ದ್ವೀಪಗಳ ಹಿಂದಿನ ಮತವು ಬೌದ್ಧ. ದಕ್ಷಿಣದ ವಿಹಾರದ ಭಿಕ್ಷುಗಳನ್ನು ಮಾಲೆಗೆ ತಂದು ಶಿರಚ್ಛೇದ ಮಾಡಿದ ವಿಷಯವು ಅವುಗಳಲ್ಲಿ ಕೊರೆಯಲ್ಪಟ್ಟಿದೆ. 1922ರಲ್ಲಿ ಪ್ರಾಕ್ತನಶಾಸ್ತ್ರಜ್ಞ ಬೆಲ್ ಮಹಾಶಯನು ದಕ್ಷಿಣದ ದ್ವೀಪಗಳಲ್ಲಿ ಸ್ತೂಪಗಳ ಅವಶೇಷಗಳನ್ನು ಶೋಧಿಸಿ ಇದನ್ನು ಸ್ಥಿರಪಡಿಸಿದನು. ಪರಿವರ್ತನೆಯೆಲ್ಲವೂ ಒಂದು ರಾತ್ರಿಯ ಪವಾಡದಿಂದ ಆಯಿತೆಂದು ಜನರ ನೆನಪು ಹೇಳಿದರೆ, ಅದಕ್ಕೆ ರಾಜದಂಡದ ಬಲವೂ ಬೇಕಾಯಿತೆಂದು ತಾಮ್ರವು ಹೇಳುವುದು.

ಇಂತಹ ನಾಡಿಗೆ ಇಬ್ನ್ ಬತೂತನು ಕಡೆಗೆ ಖಾಜಿಯಾದನು. ಅಲ್ಲಿ ಖಾಜಿಗೆ ‘ಫಂದಿಯಾರು’ ಎಂದು ಹೆಸರು; ಮೂರು ದ್ವೀಪಗಳ ಉತ್ಪನ್ನವು ಆತನಿಗೆ ಸಲ್ಲುತ್ತಿದ್ದಿತು. ಹೊಸ ಖಾಜಿಯು ಅಧಿಕಾರವನ್ನು ವಹಿಸಿದೊಡನೆಯೇ ಜನರನ್ನು ತಿದ್ದಲು ಹೊರಟನು. ಶುಕ್ರವಾರದ ಪ್ರಾರ್ಥನೆಗೆ ಬಾರದವರಿಗೆ ಛಡಿಯ ಏಟು ಹಾಕಿಸಿದನು. ವಿಚ್ಛೇದನವಾದ ಮೇಲೂ ಸ್ತ್ರೀಯರು ಮರುಮದುವೆಯಾಗುವ ತನಕ ಹಿಂದಿನ ಪತಿಯ ಮನೆಯಲ್ಲಿಯೇ ಇರುತ್ತಿದ್ದ ಪದ್ಧತಿಯನ್ನು ನಿಲ್ಲಿಸುವುದಕ್ಕಾಗಿ ಇಪ್ಪತ್ತೈದು ಮಂದಿ ಗಂಡಸರನ್ನು ಹೊಡೆಸಿ ಮೆರವಣಿಗೆ ಮಾಡಿಸಿದನು. ಒಮ್ಮೆ ಕಳ್ಳನೊಬ್ಬನ ಕೈಯನ್ನು ಕತ್ತರಿಸಲು ಆಜ್ಞಾಪಿಸಿದಾಗ, ಸಭೆಯಲ್ಲಿದ್ದ ದ್ವೀಪವಾಸಿಗಳಲ್ಲಿ ಹಲವರು ಮೂರ್ಛೆಹೋದರು. ಈ ಸಂಗತಿಯನ್ನು ಆತನು ಅವರ ದೌರ್ಬಲ್ಯದ ನಿದರ್ಶನವಾಗಿ ಬರೆದಿದ್ದಾನೆ. ಇಂದಿನ ವಾಚಕರಿಗೆ ಅದು ಬೇರೊಂದು ಗುಣದ ನಿದರ್ಶನವಾಗಿ ಕಾಣಬಹುದು.

ಆತನು ಸೋತುದು ಸ್ತ್ರೀಯರ ಉಡುಪಿನ ವಿಷಯದಲ್ಲಿ. ಅಲ್ಲಿಯ ಹೆಂಗಸರು ಸೊಂಟದಿಂದ ಕೆಳಗೆ ಮಾತ್ರ ವಸ್ತ್ರವನ್ನುಟ್ಟು ಬೀದಿಗಳಲ್ಲಿ ಓಡಾಡುತ್ತಿದ್ದರು. ರಾಣಿಯೂ ತಲೆಯನ್ನು ಮುಚ್ಚುತ್ತಿರಲಿಲ್ಲ. ಮೈ ತುಂಬ ಉಡಬೇಕೆಂದು ಖಾಜಿಯು ಎಷ್ಟು ಕಟ್ಟಳೆ ಮಾಡಿದರೂ ನಡೆಯಲಿಲ್ಲ. ನ್ಯಾಯಕ್ಕಾಗಿ ತನ್ನ ಎದುರಿಗೆ ಬರುವವರು ಮಾತ್ರ ಮೈ ಮುಚ್ಚಿಕೊಂಡು ಬರಬೇಕೆಂಬಷ್ಟನ್ನೇ ಆತನು ಸಾಧಿಸಿದನು. ಇದನ್ನು ಆತನು ಮರೆಮಾಚದೆ ಬರೆದಿರುವುದು ಗಮನಾರ್ಹ. ದೆಹಲಿಯ ಆಸ್ಥಾನವನ್ನು ಕಂಡ ಪಂಡಿತನ ಆಜ್ಞೆಯು ಈ ಚಿಕ್ಕ ದ್ವೀಪದ ಬೀದಿಗಳಲ್ಲಿ ನಿಂತುಹೋಯಿತು. ಒಂದೇ ಮತವನ್ನು ಅವಲಂಬಿಸಿದ ಎರಡು ನಾಡುಗಳ ನಡೆನುಡಿಗಳು ಎಷ್ಟು ಭಿನ್ನವಾಗಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಆ ಕಾಲದಿಂದ ದೊರೆಯುವುದು ಅಪರೂಪ.

ಇಷ್ಟರಲ್ಲಿ ಇಬ್ನ್ ಬತೂತನು ಅಲ್ಲಿಯ ಪ್ರಮುಖ ಮನೆತನಗಳಲ್ಲಿ ನಾಲ್ಕು ವಿವಾಹಗಳನ್ನು ಮಾಡಿಕೊಂಡಿದ್ದನು. ರಾಣಿಯ ಮಲತಾಯಿಯೂ ಆ ಪತ್ನಿಯರಲ್ಲಿ ಒಬ್ಬಳು. ಸಂಬಂಧಗಳು ಬೆಳೆದಂತೆ ಆತನ ಬಲವೂ ಬೆಳೆಯಿತು, ವಜೀರರ ಸಂಶಯವೂ ಬೆಳೆಯಿತು. ಅರಮನೆಯ ಆಳೊಬ್ಬನ ಅಪರಾಧದ ವಿಚಾರಣೆಯಲ್ಲಿ ವಜೀರನು ಅವನನ್ನು ಕ್ಷಮಿಸಬೇಕೆಂದು ಹೇಳಿಕಳುಹಿಸಿದಾಗ ಖಾಜಿಯು ಅದನ್ನು ತಿರಸ್ಕರಿಸಿ ಆಳನ್ನು ಹೊಡೆಸಿದನು. ಅಲ್ಲಿಂದ ವಿರಸವು ಬಹಿರಂಗವಾಯಿತು. ಖಾಜಿಯು ಪದವಿಯನ್ನು ತ್ಯಜಿಸಿ ಹೊರಡುತ್ತೇನೆಂದಾಗ, ಹೆಂಡಿರ ಸ್ತ್ರೀಧನವನ್ನು ಹಿಂದಕ್ಕೆ ಕೊಟ್ಟು ಸಾಲವನ್ನು ತೀರಿಸಿ ಹೋಗಬಹುದೆಂಬ ಉತ್ತರವು ಬಂದಿತು. ಆತನು ಅಷ್ಟನ್ನೂ ತೀರಿಸಿದಾಗ ವಜೀರನು ಗಾಬರಿಗೊಂಡು ನಿಲ್ಲಬೇಕೆಂದು ಬೇಡಿಕೊಂಡನು; ಆದರೆ ಯಾತ್ರಿಕನು ಕೇಳಲಿಲ್ಲ.

ವಜೀರನ ಭಯವು ನಿರಾಧಾರವಾಗಿರಲಿಲ್ಲ. ಎದುರು ಕರಾವಳಿಯಲ್ಲಿ, ತಮಿಳುನಾಡಿನ ಮಧುರೆಯಲ್ಲಿ ಆಳುತ್ತಿದ್ದ ಮಅಬರಿನ ಸುಲ್ತಾನ ಘಿಯಾಸುದ್ದೀನನು ಇಬ್ನ್ ಬತೂತನಿಗೆ ಪತ್ನಿಯ ಕಡೆಯಿಂದ ನೆಂಟನಾಗಿದ್ದನು. ಅಲ್ಲಿಂದ ಸೈನ್ಯವನ್ನು ತಂದು ದ್ವೀಪಗಳನ್ನು ವಶಪಡಿಸಿಕೊಳ್ಳುವ ಒಳಸಂಚನ್ನು ಆತನು ದ್ವೀಪದ ಕೆಲವು ಅಧಿಕಾರಿಗಳೊಂದಿಗೆ ಮಾಡಿಕೊಂಡನು. ಬರುವ ಹಡಗುಗಳ ಮೇಲೆ ಬಿಳಿಯ ಬಾವುಟಗಳನ್ನು ಏರಿಸುವುದೇ ಗುರುತೆಂದು ನಿಶ್ಚಯವಾಗಿದ್ದಿತು. ಎಳನೀರು ಕೊಟ್ಟು ಬರಮಾಡಿಕೊಂಡ ನೆಲದ ಮೇಲೆ ದಂಡನ್ನು ತರುವ ಈ ಆಲೋಚನೆಯನ್ನು ಆತನೇ ತನ್ನ ಗ್ರಂಥದಲ್ಲಿ ನಿರ್ವಿಕಾರವಾಗಿ ಹೇಳಿಕೊಂಡಿದ್ದಾನೆ. 1344ರ ಆಗಸ್ಟಿನಲ್ಲಿ ಆತನು ದ್ವೀಪಗಳನ್ನು ಬಿಟ್ಟು, ಸಿಂಹಳದಲ್ಲಿ ಆದಮನ ಶಿಖರವನ್ನು ಹತ್ತಿ, ಮಅಬರನ್ನು ಸೇರಿದನು. ಘಿಯಾಸುದ್ದೀನನು ದಂಡಯಾತ್ರೆಗೆ ಒಪ್ಪಿದನು. ಆದರೆ ಹಡಗುಗಳು ಸಿದ್ಧವಾಗುವುದಕ್ಕೆ ತಿಂಗಳುಗಳು ಬೇಕಾದುವು. ಅಷ್ಟರೊಳಗೆ ಊರಿನಲ್ಲಿ ಮಹಾಮಾರಿಯೆದ್ದು ಸುಲ್ತಾನನೂ ಮರಣಹೊಂದಿದನು. ಸಂಚು ಅಲ್ಲಿಗೇ ಮುಗಿಯಿತು. ದ್ವೀಪವಾಸಿಗಳನ್ನು ಉಳಿಸಿದುದು ಅವರ ಸೈನ್ಯವಲ್ಲ, ಕಾಲದ ವಿಳಂಬ.

ತಾನು ಬಿಟ್ಟುಬಂದ ಪತ್ನಿಯರಲ್ಲಿ ಒಬ್ಬಳಿಗೆ ಗಂಡುಮಗುವಾಗಿರುವುದೆಂದು ತಿಳಿದು ಇಬ್ನ್ ಬತೂತನು ಇನ್ನೊಮ್ಮೆ ದ್ವೀಪಗಳಿಗೆ ಬಂದನು. ಆಗ ಜಮಾಲುದ್ದೀನನು ತೀರಿಕೊಂಡು, ರಾಣಿಯು ಅಬ್ದುಲ್ಲಾ ಎಂಬ ವಜೀರನನ್ನು ವರಿಸಿದ್ದಳು. ಯಾತ್ರಿಕನ ಹಳೆಯ ವೈರಿಯಾದ ಈ ವಜೀರನು, ತಂದೆಯು ಮಗನನ್ನು ಕರೆದುಕೊಂಡು ಹೋಗುವುದಾದರೆ ತಾನು ತಡೆಯುವುದಿಲ್ಲವೆಂದು ತಾಯಿಗೆ ಹೇಳಿದನು. ಮಗುವಿಗೆ ಆಗ ಸುಮಾರು ಎರಡು ವರ್ಷ. ತಂದೆಯು ಅದನ್ನು ನೋಡಿ, ದ್ವೀಪದವರ ಬಳಿಯಲ್ಲಿರುವುದೇ ಅದಕ್ಕೆ ಶ್ರೇಯಸ್ಕರವೆಂದು ನಿಶ್ಚಯಿಸಿ, ಅವರಿಗೇ ಒಪ್ಪಿಸಿ, ಐದು ದಿನಗಳಲ್ಲಿ ಬಂಗಾಳಕ್ಕೆ ಹೊರಟುಹೋದನು. ಆ ಜನರ ವಿಷಯದಲ್ಲಿ ಆತನು ಕೊಟ್ಟ ತೀರ್ಪುಗಳೆಲ್ಲವುಗಳಲ್ಲಿ ಇದೇ ಅತ್ಯಂತ ನ್ಯಾಯವಾದುದೆಂದು ಹೇಳಬಹುದು.

1355ರಲ್ಲಿ ಮೊರೊಕ್ಕೊ ದೇಶದ ಫೆಜ್ ನಗರದಲ್ಲಿ, ಅಲ್ಲಿಯ ಸುಲ್ತಾನನ ಆಜ್ಞೆಯಂತೆ, ಇಬ್ನ್ ಬತೂತನು ತನ್ನ ಯಾತ್ರೆಗಳ ವೃತ್ತಾಂತವನ್ನು ಇಬ್ನ್ ಜುಜೈ ಎಂಬ ಪಂಡಿತನಿಗೆ ಹೇಳಿ ಬರೆಸಿದನು. ಹತ್ತು ವರ್ಷಗಳಿಗೂ ಹಿಂದಿನ ಸಂಗತಿಗಳನ್ನು ನೆನಪಿನಿಂದ ಹೇಳಿದುದರಿಂದ ಅಲ್ಲಲ್ಲಿ ತಪ್ಪುಗಳಿರುವುದು ಸಹಜ. ಆದರೂ ಬಾಗಿಲಿನ ಕೊಡದಿಂದ ಬುಸ್ತಿನ ಬೆಲೆಯವರೆಗೆ ಆತನು ಕೊಟ್ಟ ವಿವರಗಳನ್ನು ಬೇರೆ ಸಾಕ್ಷಿಗಳು ಬಹುಮಟ್ಟಿಗೆ ಸಮರ್ಥಿಸುವುವು. 1602ರಲ್ಲಿ ಹಡಗು ಒಡೆದು ಅದೇ ದ್ವೀಪಗಳಲ್ಲಿ ಸೆರೆಯಾಗಿ 1607ರವರೆಗೆ ಉಳಿದ ಪಿರಾರ್ ಎಂಬ ಫ್ರೆಂಚ್ ನಾವಿಕನ ಬರಹವು ಅವುಗಳಲ್ಲಿ ಮುಖ್ಯವಾದುದು.

ಇಬ್ನ್ ಬತೂತನಿಂದ ತಪ್ಪಿದ ದಂಡಯಾತ್ರೆಯನ್ನು ಇತರರು ಮುಂದೆ ನಡೆಸಿದರು. 1558ರಿಂದ 1573ರವರೆಗೆ ಪೋರ್ಚುಗೀಸರು ಮಾಲೆಯನ್ನು ಆಕ್ರಮಿಸಿದ್ದರು; ಮಹಮ್ಮದ್ ತಕುರುಫಾನು ಎಂಬ ವೀರನು ಅವರನ್ನು ಹೊರದೂಡಿದನು. 1752ರಲ್ಲಿ ಕಣ್ಣಾನೂರಿನ ಅಲಿರಾಜನ ಕಡೆಯವರು ಮಾಲೆಯನ್ನು ಹಿಡಿದರು, ಅವರೂ ಉಳಿಯಲಿಲ್ಲ. 1887ರಲ್ಲಿ ಬ್ರಿಟಿಷರ ರಕ್ಷಣೆಗೆ ಒಳಪಟ್ಟ ಈ ರಾಜ್ಯವು 1965ರ ಜುಲೈ 26ರಂದು ಪೂರ್ಣ ಸ್ವಾತಂತ್ರ್ಯವನ್ನು ಪಡೆದು, 1968ರಲ್ಲಿ ಗಣರಾಜ್ಯವಾಯಿತು. ಇದೇ ಸಮುದ್ರದ ಉತ್ತರಭಾಗದಲ್ಲಿರುವ ಅಮೀನ್‌ದಿವಿ ದ್ವೀಪಗಳ ಜನರು ಕಣ್ಣಾನೂರಿನ ಆಳ್ವಿಕೆಗೆ ಬೇಸತ್ತು ಟಿಪ್ಪು ಸುಲ್ತಾನನ ಆಶ್ರಯಕ್ಕೆ ಬಂದರು. 1799ರ ಅನಂತರ 1956ರವರೆಗೂ ಅವುಗಳ ಆಡಳಿತವು ಮಂಗಳೂರಿನಿಂದಲೇ ನಡೆಯಿತು. ದ್ವೀಪದ ಕತ್ತವು ಮಂಗಳೂರಿಗೆ ಬರುತ್ತಿದ್ದಿತು, ಮಂಗಳೂರಿನ ಅಕ್ಕಿಯು ದ್ವೀಪಕ್ಕೆ ಹೋಗುತ್ತಿದ್ದಿತು. ಕನ್ನಡ ಕರಾವಳಿಗೂ ಈ ದ್ವೀಪಗಳಿಗೂ ಇದ್ದ ಸಂಬಂಧವನ್ನು ಅರಸರ ಶಾಸನಗಳಲ್ಲಿ ಹುಡುಕಿದರೆ ದೊರೆಯುವುದು ಅಲ್ಪ. ಉಮರನಂತಹ ನಾವಿಕರ ಹೆಸರುಗಳು, ಯಾರೋ ಪರದೇಶದವನು ನೆನಪಿಟ್ಟು ಬರೆಸಿದುದರಿಂದ, ಅಪರೂಪವಾಗಿ ಉಳಿದುಬಂದಿವೆ. ಹೊನ್ನಾವರದ ರೇವಿನಿಂದ ಹೊರಟ ಇಂತಹ ಹಡಗುಗಳು ಎಷ್ಟೋ ಇದ್ದಿರಬೇಕು. ಅವುಗಳಲ್ಲಿ ಒಂದರ ಲೆಕ್ಕವು ಮಾತ್ರ ಫೆಜ್ ನಗರದ ಗ್ರಂಥದಲ್ಲಿ ಸೇರಿತು.